ಗಲ್ಲಾ ಎಣಿಸುವಾಗ ಇಬ್ಬರು: ಐದು ಮನೆಗಳ ಎಐ ಮತ್ತು ಕಳೆದುಹೋದ ಒಂದು ‘ಇಲ್ಲ’

ಅಜ್ಜ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ‘ಇನ್ನೊಂದ್ಸಲ ಓದು’ ಎಂದರು. ಮೊಮ್ಮಗಳು ಅದೇ ಸಾಲನ್ನು ಮತ್ತೆ ಓದಿದಳು: ‘ಧಣಿಗಳು ನಂಗೆ ಹೊಡೆದ್ರಲ್ಲ, ಊಟ ಹಾಕಿ ಶಾಲೆಗೆ ಕಳ್ಸಿದ್ರು.’

‘ನಾನು ಹೀಗೆ ಹೇಳಲೇ ಇಲ್ಲ’ ಎಂದರು ಅಜ್ಜ. ಅವರ ಗಂಟಲು ಕಟ್ಟಿತ್ತು. ‘ಹೊಡೀಲಿಲ್ಲ ಅಂದಿದ್ದೆ. ಅಷ್ಟು ಜನ ಧಣಿಗಳಲ್ಲಿ ಹೊಡೆಯದೇ ಇದ್ದವರು ಅವರೊಬ್ಬರೇ. ಅವರ ಮಕ್ಕಳು ಇನ್ನೂ ಮಾಟುಂಗದಲ್ಲೇ ಇದ್ದಾರೆ. ಇದನ್ನ ಓದಿದ್ರೆ ಏನಂದ್ಕೊಳ್ತಾರೆ?’

ಆ ಸಾಲು ಅಷ್ಟರಲ್ಲೇ ನಮ್ಮ ಪುಸ್ತಕದ ಕರಡು ಪ್ರತಿಗೆ ಸೇರಿಹೋಗಿತ್ತು. ಸೇರಿಸಿದವಳು ನಾನು. ಅಜ್ಜನ ಮಾತಿನ ರೆಕಾರ್ಡಿಂಗ್ ಕೇಳಿ ಅದನ್ನು ಬರೆದದ್ದು ಎಐ. ಎರಡು ಮಷೀನುಗಳು ‘ಸರಿ’ ಎಂದು ಒಪ್ಪಿದ್ದವು, ನಮ್ಮ ಪ್ರೋಗ್ರಾಂ ಅದರ ಎದುರು ಹಸಿರು ಗುರುತು ಹಾಕಿತ್ತು. ಹಾಗಿದ್ದೂ ತಪ್ಪು ಒಳಗೆ ಬಂದದ್ದು ಹೇಗೆ? ಇಡೀ ಪ್ರಕರಣವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಹಲವರ ಮನೆಯ ಕಂಪ್ಯೂಟರ್‌ಗಳಲ್ಲಿ ಹಂಚಿಕೊಂಡು ಎಐ ನಡೆಸಬೇಕು ಎನ್ನುವ ಆಸೆ ಈಗ ತುಂಬಾ ಜನರಿಗಿದೆ. ಅವರಿಗೆ ಇದು ಉಪಯೋಗಕ್ಕೆ ಬರಬಹುದು.

ನಮ್ಮದು ಡೊಂಬಿವಲಿಯ ಒಂದು ಚಿಕ್ಕ ಕನ್ನಡ ಬಳಗ. ಕುಂದಾಪುರ, ಉಡುಪಿ, ಕಾರ್ಕಳದ ಕಡೆಯಿಂದ ಹತ್ತು ಹನ್ನೆರಡನೇ ವಯಸ್ಸಿಗೇ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರ ಮಾತನ್ನು ದಾಖಲಿಸಬೇಕೆಂದು ಕೆಲಸ ಶುರು ಮಾಡಿದೆವು. ಮಾಟುಂಗದ ರಾಮ ನಾಯಕರ ಊಟದ ಮನೆ 1942ರಿಂದ ನಡೆಯುತ್ತಿದೆ, ಅದು ಎಲ್ಲರಿಗೂ ಗೊತ್ತು. ಆ ಕಾಲದ ಹೋಟೆಲುಗಳ ಹಿಂಬದಿಯ ಮೋರಿಯಲ್ಲಿ ಕೂತು ಪಾತ್ರೆ ತಿಕ್ಕಿದ ಮಾಣಿಗಳ ಹೆಸರು ಎಲ್ಲಿಯೂ ಇಲ್ಲ. ಬಳಗದ ಹಿರಿಯರೊಬ್ಬರು ವರ್ಷಗಳ ಹಿಂದೆಯೇ ಕ್ಯಾಸೆಟ್ಟಿನಲ್ಲಿ ಕೆಲವರ ಮಾತು ಹಿಡಿದಿಟ್ಟಿದ್ದರು. ಉಳಿದದ್ದನ್ನು ನಾವು ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಒಟ್ಟು 41 ಜನ, 58 ಗಂಟೆ.

ಒಂದು ಗಂಟೆಯ ಮಾತನ್ನು ಕೇಳಿ ಬರೆದುಕೊಳ್ಳಲು ಒಬ್ಬರಿಗೆ ಒಂದು ದಿನ ಬೇಕು. ನಮ್ಮಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವವರು, ಬೆಳಗ್ಗೆ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿಯೇ. ಹಾಗಾಗಿ ಮಾತನ್ನು ಅಕ್ಷರಕ್ಕಿಳಿಸುವ ಎಐ ಬಳಸೋಣ ಎಂದೆ. ದೊಡ್ಡ ಕಂಪನಿಯ ಸೇವೆಗೆ ಧ್ವನಿ ಕಳಿಸುವುದಕ್ಕೆ ಅಜ್ಜಂದಿರು ಒಪ್ಪಲಿಲ್ಲ. ಅವರ ಮಾತಿನಲ್ಲಿ ಸಾಲ ಇದೆ, ಜಗಳ ಇದೆ, ಬಿಟ್ಟುಬಂದ ಮನೆ ಇದೆ. ಅವರು ಒಪ್ಪದಿದ್ದದ್ದು ಸರಿ ಎಂದೇ ನನಗೂ ಅನ್ನಿಸಿತು.

ಆಗ ಹೊಳೆದದ್ದು ಈ ದಾರಿ. ಓಪನ್‌ಎಐ 2022ರ ಸೆಪ್ಟೆಂಬರಿನಲ್ಲಿ ವಿಸ್ಪರ್ ಎಂಬ ಮಾಡೆಲನ್ನು ಎಲ್ಲರೂ ಇಳಿಸಿಕೊಳ್ಳುವಂತೆ ಬಿಟ್ಟಿತು. 6,80,000 ಗಂಟೆಗಳ ಧ್ವನಿಯಿಂದ ಕಲಿತ ಮಾಡೆಲ್ ಅದು. ಅದರಲ್ಲಿ ಕನ್ನಡದ ಪಾಲು ತೀರಾ ಕಡಿಮೆ, ಆದರೆ ಆಮೇಲೆ ನಮ್ಮ ದೇಶದಲ್ಲೇ ಅದಕ್ಕೆ ಕನ್ನಡವನ್ನು ಹೆಚ್ಚು ಕಲಿಸಿದ ಆವೃತ್ತಿಗಳು ಬಂದಿವೆ. ಇಂಟರ್ನೆಟ್ಟೇ ಇಲ್ಲದೆ ಮನೆಯ ಕಂಪ್ಯೂಟರಿನಲ್ಲಿ ಓಡುತ್ತದೆ. ಡೊಂಬಿವಲಿ, ಠಾಣೆ, ಕಾಂದಿವಲಿ, ನೆರುಳ್‌ನಲ್ಲಿ ಒಂದೊಂದು ಮನೆ, ಪುಣೆಯ ಹಿಂಜವಡಿಯಲ್ಲಿ ಒಂದು ಮನೆ. ಐದು ಮನೆ, ಆರು ಮಷೀನು. ಪುಣೆಯ ಹುಡುಗನ ಹತ್ತಿರ ಎರಡಿದ್ದವು. ರೆಕಾರ್ಡಿಂಗುಗಳನ್ನು ಹತ್ತು ನಿಮಿಷದ ತುಂಡುಗಳಾಗಿ ಕತ್ತರಿಸಿದೆವು, 348 ತುಂಡುಗಳಾದವು. ಯಾವ ಮಷೀನು ಸುಮ್ನೆ ಕೂತಿದೆಯೋ ಅದು ಒಂದು ತುಂಡು ಎತ್ತಿಕೊಂಡು ಬರಹ ಮಾಡಿ ವಾಪಸ್ ಕಳಿಸಬೇಕು. ಇಷ್ಟೇ ವ್ಯವಸ್ಥೆ. ಇದನ್ನು ದೊಡ್ಡದಾಗಿ ಮಾಡಿದರೆ ಜನ ವಿಕೇಂದ್ರೀಕೃತ ಎಐ ಎನ್ನುತ್ತಾರೆ.

ನಾನು ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸದವಳು. ಪರೀಕ್ಷೆ ಇಲ್ಲದೆ ಶುರು ಮಾಡಲಿಲ್ಲ. ಪ್ರತಿ ತುಂಡನ್ನೂ ಎರಡು ಮಷೀನು ಮಾಡಬೇಕು. ಎರಡೂ ಬರಹ ಹತ್ತಿರ ಹತ್ತಿರ ಒಂದೇ ಆಗಿದ್ದರೆ ಹಸಿರು ಗುರುತು. ಬೇರೆಯಾದರೆ ಮೂರನೆಯ ಮಷೀನಿಗೆ ಹೋಗಬೇಕು, ಎರಡು ಯಾವ ಕಡೆಗೋ ಆ ಕಡೆ ತೀರ್ಮಾನ.

ಇದು ನಾನು ಕಂಡುಹಿಡಿದದ್ದಲ್ಲ. 1999ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ಸೆಟಿ ಅಟ್ ಹೋಮ್ ಎಂಬ ಕೆಲಸ ಶುರು ಮಾಡಿದ್ದರು. ಬಾಹ್ಯಾಕಾಶದಿಂದ ಬಂದ ರೇಡಿಯೋ ಸದ್ದಿನಲ್ಲಿ ಬೇರೆ ಲೋಕದವರ ಸುಳಿವು ಇದೆಯೇ ಎಂದು ಜಗತ್ತಿನ ಲಕ್ಷಗಟ್ಟಲೆ ಜನರ ಮನೆಯ ಕಂಪ್ಯೂಟರ್‌ಗಳು ಹುಡುಕುತ್ತಿದ್ದವು. 2020ರ ಮಾರ್ಚಿನವರೆಗೂ ಹೀಗೆ ಕೆಲಸ ಹಂಚಿದರು. ದುಡ್ಡಿಲ್ಲ, ಬಹುಮಾನವಿಲ್ಲ, ಬರೀ ಪಟ್ಟಿಯಲ್ಲಿ ಹೆಸರು ಮೇಲೆ ಬರುತ್ತದೆ ಎಂಬುದಷ್ಟೇ. ಅಷ್ಟಕ್ಕೇ ಕೆಲವರು ಕೆಲಸ ಮಾಡದೆಯೇ ಮಾಡಿದಂತೆ ತೋರಿಸಿದರು. ಹಾಗಾಗಿ ಒಂದೇ ತುಂಡನ್ನು ಹಲವರಿಗೆ ಕೊಟ್ಟು ಉತ್ತರ ಹೋಲಿಸುವ ಪದ್ಧತಿ ಬಂತು. ನಾನು ಅದನ್ನೇ ಎತ್ತಿಕೊಂಡೆ, ಆದರೆ ಅದರ ಹಿಂದಿರುವ ಒಂದು ಮಾತನ್ನು ಬಿಟ್ಟುಬಿಟ್ಟೆ. ಒಪ್ಪುವ ಇಬ್ಬರು ನಿಜವಾಗಿಯೂ ಇಬ್ಬರಾಗಿರಬೇಕು.

ಅಜ್ಜನ ಮನೆಯಿಂದ ಬಂದ ರಾತ್ರಿ ಆ ತುಂಡಿನ ದಾಖಲೆ ತೆಗೆದೆ. ಮಾಡಿದ ಮಷೀನು: ಪುಣೆ-1, ಪುಣೆ-2. ಬಳಸಿದ ಮಾಡೆಲ್: ಮೀಡಿಯಂ. ಹೋಲಿಕೆ: ಸರಿ. ವಿಸ್ಪರ್ ಹಲವು ಗಾತ್ರಗಳಲ್ಲಿ ಸಿಗುತ್ತದೆ. ನಾವು ಬಳಸಬೇಕಿದ್ದದ್ದು ಮೀಡಿಯಂ, ಸ್ಮಾಲ್ ಅದಕ್ಕಿಂತ ಚಿಕ್ಕದು.

ಅದೇ ತುಂಡನ್ನು ನನ್ನ ಕಂಪ್ಯೂಟರಿನಲ್ಲಿ ಓಡಿಸಿದೆ. ವಿಸ್ಪರ್ ಒಂದು ಸಲಕ್ಕೆ 30 ಸೆಕೆಂಡಿನಷ್ಟು ಧ್ವನಿ ಕೇಳುತ್ತದೆ. ಆ 30 ಸೆಕೆಂಡು ಹೀಗಿದೆ. ಮೊದಲು ಫ್ಯಾನಿನ ಟಕ್ ಟಕ್ ಸದ್ದು. ಆಮೇಲೆ ಅಜ್ಜನ ಮಾತು, ‘ಧಣಿಗಳು ನಂಗೆ’ ಎಂದು ನಿಲ್ಲುತ್ತಾರೆ. ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಆಮೇಲೆ ಬೇಗನೆ, ಬಾಯಿಯೊಳಗೇ, ‘ಹೊಡೀಲಿಲ್ಲ’. ಕೆಳಗೆ ರಸ್ತೆಯಲ್ಲಿ ರಿಕ್ಷಾ ಹಾರ್ನ್ ಸರಿಯಾಗಿ ‘ಲಿ’ ಮೇಲೆ ಬಂದು ಕೂತಿದೆ. ಕುಂದಾಪುರದ ಕಡೆಯ ಮಾತು ಬೇರೆ. ಹೋಗಬೇಕು ಎಂಬುದು ‘ಹೋಯ್ಕ್’ ಎಂದು ಮುಗಿದುಹೋಗುವ ಮಾತದು. ಮುಂಬಯಿಯಲ್ಲಿ ಅರವತ್ತು ವರ್ಷ ಕಳೆದರೂ ಅಜ್ಜನ ಬಾಯಲ್ಲಿ ಆ ಓಟ ಉಳಿದಿದೆ. ನಾನು ಇಯರ್‌ಫೋನ್ ಹಾಕಿಕೊಂಡು ಹನ್ನೆರಡು ಸಲವಾದರೂ ಕೇಳಿರಬೇಕು. ಕನ್ನಡದಲ್ಲಿ ಇಲ್ಲ ಎನ್ನುವುದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಬಾಲ ತುಂಡಾದರೆ ಅರ್ಥ ತಲೆಕೆಳಗು.

ನನ್ನ ಮಷೀನಿನ ಉತ್ತರ ಬಂತು: ‘ಹೊಡೀಲಿಲ್ಲ’. ಠಾಣೆಯ ಮನೆಯಲ್ಲಿ ಓಡಿಸಲು ಹೇಳಿದೆ. ಅಲ್ಲಿಯೂ ‘ಹೊಡೀಲಿಲ್ಲ’. ಪುಣೆಯ ಎರಡರಲ್ಲಿ ಮಾತ್ರ ‘ಹೊಡೆದ್ರಲ್ಲ’.

ಒಂದೇ ಮಾಡೆಲ್ ಎರಡು ಕಡೆ ಬೇರೆ ಉತ್ತರ ಕೊಡಲು ಪ್ರಾಮಾಣಿಕ ಕಾರಣಗಳೂ ಇವೆ. ಅದನ್ನು ಮೊದಲು ನೋಡಬೇಕು, ಇಲ್ಲದಿದ್ದರೆ ನಿರಪರಾಧಿಯ ಮೇಲೆ ಬೆರಳು ತೋರಿಸಿದಂತಾಗುತ್ತದೆ. ಕಂಪ್ಯೂಟರಿನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬರುತ್ತದೆ. ದಶಮಾಂಶವನ್ನು ಅದು ಪೂರ್ತಿ ಹಿಡಿದಿಡಲಾರದು. ಹಾಗಾಗಿ ಮೂರು ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಕೂಡಿಸಿದೆ ಎನ್ನುವುದರ ಮೇಲೆ ಕೊನೆಯ ಅಂಕಿ ಸ್ವಲ್ಪ ಬದಲಾಗುತ್ತದೆ. ಬೇರೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇರೆ ಬೇರೆ ಕ್ರಮದಲ್ಲಿ ಕೂಡಿಸುತ್ತವೆ. ಮಾಡೆಲಿಗೆ ಎರಡು ಪದಗಳ ನಡುವೆ ತೀರಾ ಸಣ್ಣ ಅಂತರ ಇದ್ದಾಗ ಅಷ್ಟು ವ್ಯತ್ಯಾಸವೇ ಸಾಕು, ಪದ ಬದಲಾಗುತ್ತದೆ. ಒಂದು ಪದ ಬದಲಾದರೆ ಅದನ್ನು ನೋಡಿಕೊಂಡು ಮುಂದಿನದು ಬರೆಯುವುದರಿಂದ ಇಡೀ ಸಾಲೇ ಬೇರೆ ದಾರಿ ಹಿಡಿಯಬಹುದು. ಇನ್ನೊಂದು ಕಾರಣವೂ ಇದೆ. ವಿಸ್ಪರ್ ತನ್ನ ಮೊದಲ ಬರಹ ಸರಿ ಇಲ್ಲ ಎನ್ನಿಸಿದರೆ ಟೆಂಪರೇಚರ್ ಎಂಬ ಒಂದು ಅಂಕಿಯನ್ನು ಸೊನ್ನೆಯಿಂದ ಮೇಲೇರಿಸಿ ಮತ್ತೆ ಪ್ರಯತ್ನಿಸುತ್ತದೆ. ಆಗ ಚೀಟಿ ಎತ್ತಿದಂತೆ ಸ್ವಲ್ಪ ಅದೃಷ್ಟ ಸೇರುತ್ತದೆ. ಅದನ್ನು ನಾವು ಮೊದಲೇ ಸೊನ್ನೆಯಲ್ಲಿ ನಿಲ್ಲಿಸಿದ್ದೆವು.

ಆದರೆ ಇಂಥ ವ್ಯತ್ಯಾಸ ಅಲ್ಲೊಂದು ಇಲ್ಲೊಂದು ಬರಬೇಕು. ಹಳೆಯ ದಾಖಲೆ ಪೂರ್ತಿ ತೆಗೆದು ನೋಡಿದೆ. ಮೂರನೆಯ ಮಷೀನಿಗೆ ಹೋದ ತುಂಡುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಜಗಳದ ಒಂದು ಕಡೆ ಪುಣೆಯೇ ಇತ್ತು. ಅದು ತಿಂಗಳುಗಟ್ಟಲೆ ನನ್ನ ಕಣ್ಣೆದುರೇ ಇತ್ತು. ಊರ ಕಡೆಯ ಮಾತು, ಎಐಗೆ ಕಷ್ಟ ಆಗುತ್ತೆ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆ ರಾತ್ರಿಯೇ ಹುಡುಗನಿಗೆ ಫೋನ್ ಮಾಡಿದೆ. ‘ಯಾವ ಮಾಡೆಲ್ ಹಾಕಿದ್ದೀಯಪ್ಪಾ?’ ಎಂದು ಕೇಳಿದೆ.

‘ಸ್ಮಾಲ್ ಅಕ್ಕ’ ಎಂದ, ಏನೂ ಅಳುಕಿಲ್ಲದೆ. ‘ಅವತ್ತೇ ಹೇಳಿದ್ನಲ್ಲ.’

ಹೇಳಿದ್ದ. ಗುಂಪಿನ ಮೆಸೇಜುಗಳನ್ನು ಹಿಂದಕ್ಕೆ ಸರಿಸುತ್ತಾ ಹೋದೆ. ಶುಭೋದಯದ ಹೂವುಗಳು, ಒಂದು ಮದುವೆಯ ಆಮಂತ್ರಣ, ಅವುಗಳ ನಡುವೆ ಅವನ ಒಂದು ಸಾಲು: ‘ಮೀಡಿಯಂ ಹತ್ತುತ್ತಾ ಇಲ್ಲ, ಮೆಮೊರಿ ಸಾಲದು ಅಂತಿದೆ. ಸದ್ಯಕ್ಕೆ ಚಿಕ್ಕದು ಹಾಕಿದ್ದೀನಿ, ಪರವಾಗಿಲ್ವಾ?’ ಯಾರೂ ಉತ್ತರ ಕೊಟ್ಟಿರಲಿಲ್ಲ.

ಅವನ ಎರಡೂ ಗ್ರಾಫಿಕ್ಸ್ ಕಾರ್ಡುಗಳಿಗೆ 4 ಜಿಬಿ ಮೆಮೊರಿ. ಮೀಡಿಯಂ ಓಡಲು ಸುಮಾರು 5 ಜಿಬಿ ಬೇಕು ಎಂದು ಓಪನ್‌ಎಐಯೇ ಬರೆದಿದೆ, ಸ್ಮಾಲ್‌ಗೆ 2 ಜಿಬಿ ಸಾಕು. ಮೀಡಿಯಂನಲ್ಲಿ 76.9 ಕೋಟಿ ಪ್ಯಾರಾಮೀಟರುಗಳು, ಅಂದರೆ ಕಲಿತದ್ದನ್ನು ಹಿಡಿದಿಟ್ಟ ಅಂಕಿಗಳು, ಇವೆ, ಸ್ಮಾಲ್‌ನಲ್ಲಿ 24.4 ಕೋಟಿ. ದಾಖಲೆಯಲ್ಲಿ ‘ಮೀಡಿಯಂ’ ಎಂದು ಬಂದದ್ದು ನನ್ನ ತಪ್ಪು. ಯಾವ ಮಾಡೆಲ್ ಓಡಿತು ಎಂದು ನನ್ನ ಪ್ರೋಗ್ರಾಂ ನೋಡುತ್ತಲೇ ಇರಲಿಲ್ಲ. ಆ ಪದವನ್ನು ನಾನೇ ಒಳಗೆ ಬರೆದಿಟ್ಟಿದ್ದೆ, ಅದು ಪ್ರತಿ ತುಂಡಿನ ಮೇಲೂ ಅದೇ ಚೀಟಿ ಅಂಟಿಸುತ್ತಿತ್ತು.

ಚಿಕ್ಕ ಮಾಡೆಲ್ ಬೇಗ ಓಡುತ್ತದೆ. ಬೇಗ ಮುಗಿಸಿದ ಮಷೀನು ಬೇಗ ಮುಂದಿನ ತುಂಡು ಎತ್ತಿಕೊಳ್ಳುತ್ತದೆ. ಹಾಗಾಗಿ ನಮ್ಮ ಕೆಲಸದ ದೊಡ್ಡ ಪಾಲು ಪುಣೆಯ ಕಡೆಗೇ ಹರಿದುಹೋಯಿತು. 131 ತುಂಡುಗಳಲ್ಲಿ ಎರಡೂ ಸಾಕ್ಷಿ ಅವನ ಮನೆಯವೇ. ಇನ್ನೂ 14 ತುಂಡುಗಳ ಕಥೆ ಬೇರೆ. ಅಲ್ಲಿ ಪುಣೆಯ ಒಂದಕ್ಕೂ ಬೇರೆ ಮನೆಯ ಒಂದಕ್ಕೂ ಜಗಳ ಬಂದು, ಮೂರನೆಯದಾಗಿ ಪುಣೆಯ ಇನ್ನೊಂದು ಬಂದು ಕೂತಿತ್ತು. ಎರಡು ಓಟು ಪುಣೆಗೆ. ಸರಿಯಾಗಿ ಕೇಳಿಸಿಕೊಂಡ ಮಷೀನನ್ನೇ ನಮ್ಮ ವ್ಯವಸ್ಥೆ ‘ತಪ್ಪು’ ಎಂದು ಗುರುತು ಹಾಕಿತ್ತು. ಒಟ್ಟು 145 ತುಂಡು, ಸುಮಾರು 24 ಗಂಟೆಯ ಮಾತು ಅನುಮಾನಕ್ಕೆ ಬಿತ್ತು.

ಒಬ್ಬನೇ ಹಲವು ಮುಖ ತೊಟ್ಟು ಬಂದು ಬಹುಮತ ಗೆಲ್ಲುವುದಕ್ಕೆ ಸಿಬಿಲ್ ದಾಳಿ ಎಂದು ಹೆಸರು. ಜಾನ್ ಡೌಸರ್ ಎಂಬ ಸಂಶೋಧಕರು 2002ರಲ್ಲಿ ಇದರ ಬಗ್ಗೆ ಬರೆದರು. ಯಾರು ಯಾರು ಎಂದು ಗುರುತಿಸುವ ನಂಬಿಕಸ್ಥ ಜಾಗ ಒಂದಿಲ್ಲದಿದ್ದರೆ ಇದನ್ನು ತಡೆಯುವುದು ಬಹಳ ಕಷ್ಟ ಎಂದು ಅವರು ತೋರಿಸಿದರು. ಅದಕ್ಕೂ ಮೊದಲು, 1982ರಲ್ಲಿ ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ ಸೇರಿ ಇನ್ನೊಂದು ಲೆಕ್ಕ ಕೊಟ್ಟಿದ್ದರು. ಗುಂಪಿನಲ್ಲಿ ಒಬ್ಬ ಸುಳ್ಳುಗಾರನಿದ್ದರೆ, ಬರೀ ಬಾಯಿಮಾತಿನ ಮೇಲೆ ಉಳಿದವರು ಒಮ್ಮತಕ್ಕೆ ಬರಲು ಒಟ್ಟು ನಾಲ್ಕು ಜನವಾದರೂ ಬೇಕು, ಇಬ್ಬರಿದ್ದರೆ ಏಳು. ಇವೆಲ್ಲ ದಾಳಿ, ದ್ರೋಹದ ಭಾಷೆಯಲ್ಲಿವೆ. ನಮ್ಮಲ್ಲಿ ದಾಳಿಯೂ ಇರಲಿಲ್ಲ, ದ್ರೋಹಿಯೂ ಇರಲಿಲ್ಲ. ರಾತ್ರಿಯೆಲ್ಲಾ ತನ್ನ ಮನೆಯ ಕರೆಂಟು ಖರ್ಚು ಮಾಡಿ ಎರಡು ಮಷೀನು ಓಡಿಸಿದ ಒಬ್ಬ ಒಳ್ಳೆಯ ಹುಡುಗ ಇದ್ದ. ಆದ ಹಾನಿ ಮಾತ್ರ ದಾಳಿ ಮಾಡಿದಷ್ಟೇ ಆಗಿತ್ತು.

ಮುಂದಿನ ಭಾನುವಾರ ಬಳಗ ಸೇರಿತು. ‘ಹುಡುಗ ಮೋಸ ಮಾಡಿದ’ ಎಂದು ಒಬ್ಬರು ಮೆಲ್ಲಗೆ ಅಂದರು. ಅವನ ಹಳೆಯ ಮೆಸೇಜನ್ನು ಎಲ್ಲರಿಗೂ ತೋರಿಸಿದೆ. ಆ ಒಂದು ಸಾಲು ಇಲ್ಲದಿದ್ದರೆ ಅವನ ಪರವಾಗಿ ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಹುಡುಗನ ಮುಖ ಸಣ್ಣದಾಗಿತ್ತು. ಪುಣೆಯಿಂದ ಬೆಳಗಿನ ಗಾಡಿಗೇ ಬಂದಿದ್ದ, ಚಹಾ ಕೂಡ ಮುಟ್ಟಿರಲಿಲ್ಲ.

ಅಜ್ಜನೂ ಬಂದಿದ್ದರು. ಎಲ್ಲ ಕೇಳಿಸಿಕೊಂಡು ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ‘ಮಾರಾಯ, ನಾನು ಹದಿನಾರು ವರ್ಷ ಗಲ್ಲಾದಲ್ಲಿ ಕೂತವ’ ಎಂದರು. ‘ರಾತ್ರಿ ಹೋಟೆಲ್ ಬಾಗಿಲು ಹಾಕಿದ ಮೇಲೆ ದುಡ್ಡು ಎಣಿಸುವಾಗ ಧಣಿಗಳು ಇನ್ನೊಬ್ಬನನ್ನ ಕೂರಿಸ್ತಿದ್ರು. ನನಗೆ ಮೊದಮೊದಲು ಬೇಜಾರಾಗ್ತಿತ್ತು. ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಒಂದಿನ ಕೇಳಿಯೇ ಬಿಟ್ಟೆ. ಅವರು ಏನಂದ್ರು ಗೊತ್ತುಂಟಾ? ಅವನನ್ನ ಕೂರಿಸಿದ್ದು ನಿನಗೋಸ್ಕರ. ನಾಳೆ ಐದು ರೂಪಾಯಿ ಕಮ್ಮಿ ಬಂದ್ರೆ ನೀನು ತೆಗೀಲಿಲ್ಲ ಅಂತ ಹೇಳೋಕೆ ಒಬ್ಬ ಬೇಕಲ್ಲ.’ ಆಮೇಲೆ ನನ್ನ ಕಡೆ ತಿರುಗಿದರು. ‘ಆದ್ರೆ ಆ ಇನ್ನೊಬ್ಬ ನನ್ನ ತಮ್ಮ ಆಗಿರ್ಲಿಲ್ಲ.’

ನಾನು ಮತ್ತೆ ಕಟ್ಟಿದ ವ್ಯವಸ್ಥೆ ಪೂರ್ತಿ ಆ ಎರಡು ಮಾತಿನ ಮೇಲೆ ನಿಂತಿದೆ.

ಮೊದಲು, ಒಂದು ಮನೆಗೆ ಒಂದೇ ಸಾಕ್ಷಿ. ಮಷೀನು ಎಷ್ಟಾದರೂ ಇರಲಿ. ಒಂದು ತುಂಡಿನ ಇಬ್ಬರು ಸಾಕ್ಷಿಗಳು ಬೇರೆ ಬೇರೆ ಮನೆಯವರೇ ಆಗಿರಬೇಕು. ಯಾರಿಗೆ ಯಾವ ತುಂಡು ಎಂಬುದನ್ನೂ ಈಗ ಚೀಟಿ ಎತ್ತಿದಂತೆ ನಿರ್ಧರಿಸುತ್ತೇವೆ, ಬೇಗ ಬಂದವರಿಗೆ ಜಾಸ್ತಿ ಎನ್ನುವುದಿಲ್ಲ. ಓಟದ ಪಂದ್ಯ ಇಟ್ಟರೆ ಕಡಿಮೆ ಕೆಲಸ ಮಾಡಿದವರೇ ಮುಂದೆ ಬರುತ್ತಾರೆ. ಕೆಲಸದ ಲೆಕ್ಕಕ್ಕೆ ದುಡ್ಡು ಕೊಡುವ ದೊಡ್ಡ ಜಾಲಗಳಲ್ಲಿ ಈ ಸೆಳೆತ ಇನ್ನೂ ಹೆಚ್ಚು. ದೊಡ್ಡ ಮಾಡೆಲ್ ಓಡಿಸುತ್ತೇನೆಂದು ಹೇಳಿ ಚಿಕ್ಕದನ್ನೋ, ಅಂಕಿಗಳನ್ನು ಮೊಟಕು ಮಾಡಿ ಹಗುರಗೊಳಿಸಿದ್ದನ್ನೋ ಓಡಿಸಿದರೆ ಕರೆಂಟೂ ಉಳಿಯುತ್ತದೆ, ಮೆಮೊರಿಯೂ ಉಳಿಯುತ್ತದೆ. ಉತ್ತರ ನೋಡಿದವರಿಗೆ ತಕ್ಷಣಕ್ಕೆ ಗೊತ್ತಾಗುವುದೂ ಇಲ್ಲ.

ಆಮೇಲೆ ಮಾಡೆಲಿನ ಗುರುತು. ಪ್ರತಿ ಸಲ ಓಡುವ ಮೊದಲು ಪ್ರೋಗ್ರಾಂ ಮಾಡೆಲ್ ಫೈಲಿನ ಎಸ್‌ಎಚ್‌ಎ-256 ಎಂಬ ಬೆರಳಚ್ಚಿನಂಥ ಗುರುತನ್ನು ಲೆಕ್ಕ ಹಾಕುತ್ತದೆ. ಎಷ್ಟು ದೊಡ್ಡ ಫೈಲಾದರೂ 64 ಅಕ್ಷರಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಅಂಟಿಸಿದ ಚೀಟಿಗಿಂತ ಇದು ಎಷ್ಟೋ ಮೇಲು. ಅವತ್ತು ಇದೊಂದು ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಆದರೆ ಇದಕ್ಕೂ ಒಂದು ಮಿತಿ ಇದೆ. ಸರಿಯಾದ ಫೈಲು ಆ ಮನೆಯಲ್ಲಿ ಇದೆ ಎಂದು ಇದು ಹೇಳುತ್ತದೆ, ಅದೇ ಫೈಲು ಈ ತುಂಡಿಗೆ ಓಡಿತು ಎಂದು ಹೇಳುವುದಿಲ್ಲ. ಪ್ರೋಗ್ರಾಂ ತಿದ್ದಬಲ್ಲವನು ಆ 64 ಅಕ್ಷರಗಳನ್ನು ಸುಮ್ನೆ ಬರೆದು ಕಳಿಸಬಹುದು. ಪ್ರಾಮಾಣಿಕರ ಕೈತಪ್ಪಿಗೆ ಇದು ಮದ್ದು, ಮೋಸಕ್ಕೆ ಅಲ್ಲ.

ಹಾಗಾದರೆ ಓಡಿದ್ದು ಇದೇ ಎಂದು ದೂರದಿಂದಲೇ ಖಚಿತಪಡಿಸಿಕೊಳ್ಳಲು ಆಗುವುದಿಲ್ಲವೇ? ಆಗುತ್ತದೆ. ಗೋಲ್ಡ್‌ವಾಸರ್, ಮಿಕಾಲಿ, ರಾಕಾಫ್ ಎಂಬ ಮೂವರು 1985ರಲ್ಲಿ ಜೀರೋ ನಾಲೆಡ್ಜ್ ಪ್ರೂಫ್ ಎಂಬ ವಿಚಾರ ಮುಂದಿಟ್ಟರು. ಗುಟ್ಟು ಬಿಟ್ಟುಕೊಡದೆ, ಹೇಳಿದ ಮಾತು ನಿಜ ಎಂದು ಸಾಬೀತು ಮಾಡುವ ಗಣಿತ ಅದು. ಅದೇ ಬೇರಿನಿಂದ ಬೆಳೆದ ವಿಧಾನಗಳಲ್ಲಿ ಈಗ ಎಐ ಮಾಡೆಲಿನ ಲೆಕ್ಕವನ್ನೂ ಸಾಬೀತು ಮಾಡಬಹುದು. ಆದರೆ ಸಾಬೀತು ಮಾಡಲು ತಗಲುವ ಕೆಲಸ ಮಾಡೆಲ್ ಓಡಿಸುವ ಕೆಲಸಕ್ಕಿಂತ ಎಷ್ಟೋ ಪಾಲು ಹೆಚ್ಚು. ಮನೆಯ ಕಾರ್ಡಿಗೆ ಆಗದ ಮಾತು. ಇನ್ನೊಂದು ದಾರಿ ಕಂಪ್ಯೂಟರಿನ ಚಿಪ್ಪಿನೊಳಗೇ ಬೀಗ ಹಾಕಿದ ಕೋಣೆ ಇಡುವುದು. ಇಂಟೆಲ್‌ನ ಎಸ್‌ಜಿಎಕ್ಸ್ ಹಾಗೆಯೇ, ಎನ್ವಿಡಿಯಾದ ಎಚ್100 ಕಾರ್ಡಿನಲ್ಲೂ ಅಂಥದ್ದು ಇದೆ. ಒಳಗೆ ಏನು ಓಡಿತು ಎಂದು ಚಿಪ್ಪೇ ಸಹಿ ಹಾಕಿ ಹೇಳುತ್ತದೆ. 2018ರಲ್ಲಿ ಫೋರ್‌ಶ್ಯಾಡೋ ಎಂಬ ದಾಳಿಯಲ್ಲಿ ಸಂಶೋಧಕರು ಎಸ್‌ಜಿಎಕ್ಸ್‌ನ ಆ ಸಹಿಯ ಕೀಲಿಯನ್ನೇ ಹೊರಗೆ ತೆಗೆದು ತೋರಿಸಿದರು. ಅಲ್ಲಿಗೆ ನಂಬಿಕೆ ಹೋಗಿಬಿಡುವುದಿಲ್ಲ, ಚಿಪ್ಪು ಮಾಡಿದವರ ಮೇಲೆ ಹೋಗಿ ಕೂರುತ್ತದೆ, ಅಷ್ಟೇ. ಎಚ್100 ಕೊಳ್ಳುವ ಶಕ್ತಿಯಂತೂ ನಮ್ಮ ಐದು ಮನೆಗೂ ಸೇರಿಸಿ ಇಲ್ಲ.

ನಮಗೆ ಹಿಡಿಸಿದ್ದು ಹೆಚ್ಚು ಹಳೆಯದಾದ, ಸರಳವಾದ ಉಪಾಯ. 40 ಚಿಕ್ಕ ತುಣುಕುಗಳನ್ನು ನಾವೇ ಕೇಳಿ, ಇಬ್ಬಿಬ್ಬರು ಕೂತು ಕೈಯಿಂದ ಬರೆದೆವು. ಈ ತುಣುಕುಗಳನ್ನು ಮಾಮೂಲಿ ಕೆಲಸದ ನಡುವೆ ಯಾರಿಗೂ ಗೊತ್ತಾಗದಂತೆ ಸೇರಿಸುತ್ತೇವೆ. ಉತ್ತರ ನಮ್ಮ ಹತ್ತಿರ ಮೊದಲೇ ಇದೆ. ಪರೀಕ್ಷೆಗೆಂದು ಸ್ಮಾಲ್ ಮಾಡೆಲನ್ನು ಈ 40ರ ಮೇಲೆ ಓಡಿಸಿದಾಗ 13ರಲ್ಲಿ ಎಡವಿತು, ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು. ಹಾಗಾದರೆ ಅದು ಹತ್ತು ಗುಟ್ಟಿನ ತುಣುಕುಗಳನ್ನೂ ಒಂದೂ ತಪ್ಪದೆ ದಾಟುವ ಸಾಧ್ಯತೆ ಮೂರನೇ ಎರಡನ್ನು ಹತ್ತು ಸಲ ಗುಣಿಸಿದಷ್ಟು, ಶೇ. 2ಕ್ಕೂ ಕಡಿಮೆ. ಮೀಡಿಯಂ ಕೂಡ 2ರಲ್ಲಿ ಎಡವಿತು. ಅದಕ್ಕೇ ಒಂದು ತುಣುಕು ತಪ್ಪಿದರೆ ಯಾರನ್ನೂ ಕೇಳುವುದಿಲ್ಲ. ಹತ್ತರಲ್ಲಿ ಮೂರು ತಪ್ಪಿದರೆ ಫೋನ್ ಮಾಡುತ್ತೇವೆ. ಮೊದಲ ಪ್ರಶ್ನೆ ‘ಏನಾದ್ರೂ ತೊಂದರೆ ಆಗ್ತಿದೆಯಾ?’ ಎಂಬುದು. ಈ ಪ್ರಶ್ನೆಯನ್ನು ಆಗಲೇ ಕೇಳಿದ್ದರೆ ಹುಡುಗ 4 ಜಿಬಿಯ ವಿಷಯ ಹೇಳುತ್ತಿದ್ದ.

ಹೋಲಿಸುವ ರೀತಿಯನ್ನೂ ಬದಲಿಸಿದೆ. ಮೊದಲು ಎಲ್ಲ ಪದಕ್ಕೂ ಒಂದೇ ಬೆಲೆ ಇತ್ತು. ಒಂದು ಕಡೆ ‘ಹೋಟೆಲು’, ಇನ್ನೊಂದು ಕಡೆ ‘ಹೋಟ್ಲು’ ಎಂದು ಬಂದರೂ ವ್ಯತ್ಯಾಸ ಒಂದು, ‘ಹೊಡೀಲಿಲ್ಲ’ ಹೋಗಿ ‘ಹೊಡೆದ್ರಲ್ಲ’ ಆದರೂ ವ್ಯತ್ಯಾಸ ಒಂದು. ಇದು ಸರಿಯಲ್ಲ, ಅಲ್ವಾ? ಈಗ ಇಲ್ಲ, ಅಲ್ಲ, ಬೇಡ, ಬಾರದು ಬರುವ ಪದಗಳು, ವರ್ಷ, ದುಡ್ಡಿನ ಮೊತ್ತ, ಊರಿನ ಹೆಸರು, ಜನರ ಹೆಸರು ಇವುಗಳಲ್ಲಿ ಒಂದಕ್ಷರ ಹೆಚ್ಚುಕಡಿಮೆ ಬಂದರೂ ಆ ತುಂಡು ಮನುಷ್ಯರ ಕಿವಿಗೆ ಹೋಗುತ್ತದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟ ಬದಲಾವಣೆ ಇದು. ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಅಜ್ಜನ ಮುಖ ನೋಡಿ ಹೊಳೆದದ್ದು.

ಒಂದು ಚಿಕ್ಕ ವಿಷಯ, ಬೇರೆಯವರಿಗೆ ಎಚ್ಚರಿಕೆಗೆಂದು. ಮೊದಲು ನಾವು ಮಾಡೆಲ್ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಒಬ್ಬರಿಂದೊಬ್ಬರಿಗೆ ಕೊಡುತ್ತಿದ್ದೆವು. ಹಳೆಯ ಪಿಕಲ್ ರೀತಿಯ ಫೈಲುಗಳು ತೆರೆಯುವಾಗಲೇ ಒಳಗೆ ಅಡಗಿಸಿದ ಪ್ರೋಗ್ರಾಂ ಓಡಿಸಬಲ್ಲವು. ಸೇಫ್‌ಟೆನ್ಸರ್ಸ್ ರೀತಿಯಲ್ಲಿ ಬರೀ ಅಂಕಿಗಳಿರುತ್ತವೆ. ಈಗ ಅದನ್ನೇ ಬಳಸುತ್ತೇವೆ.

ಇಷ್ಟೆಲ್ಲ ಆದ ಮೇಲೆ ನನಗೆ ಎದುರಾದದ್ದು ಬೇರೆಯದೇ ಪ್ರಶ್ನೆ. 145 ತುಂಡುಗಳನ್ನು ಸರಿಯಾದ ಮಾಡೆಲಿನಲ್ಲಿ, ಬೇರೆ ಬೇರೆ ಮನೆಗಳಲ್ಲಿ ಮತ್ತೆ ಮಾಡಿಸಿದೆವು. ಒಂದು ರೆಕಾರ್ಡಿಂಗಿನಲ್ಲಿ ಒಬ್ಬರು ಹೆಂಡತಿ ತೀರಿಕೊಂಡ ದಿನದ ಬಗ್ಗೆ ಹೇಳುತ್ತಾ ತುಂಬಾ ಹೊತ್ತು ಸುಮ್ಮನಾಗುತ್ತಾರೆ. ಆ ಮೌನದ ಜಾಗದಲ್ಲಿ ಬರಹ ಹೇಳುತ್ತದೆ: ‘ವೀಕ್ಷಿಸಿದ್ದಕ್ಕೆ ಧನ್ಯವಾದಗಳು.’ ಎರಡು ಮನೆ, ಎರಡೂ ಸರಿಯಾದ ಮಾಡೆಲ್, ಎರಡರಲ್ಲೂ ಅದೇ ಸಾಲು.

ವಿಸ್ಪರ್‌ಗೆ ಈ ದೋಷ ಇರುವುದು ಗೊತ್ತಿದ್ದದ್ದೇ. ಇಂಟರ್ನೆಟ್ಟಿನ ಧ್ವನಿಯಿಂದ ಕಲಿತದ್ದು ಅದು, ಮೌನ ಬಂದಾಗ ವಿಡಿಯೋ ಮುಗಿಯಿತು ಎಂದುಕೊಂಡು ಬರೆಯುತ್ತದೆ. ಅಮೆರಿಕದ ಸಂಶೋಧಕರು ವಿಸ್ಪರ್ ಬರಹಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸುಮಾರು ಶೇ. 1ರಷ್ಟರಲ್ಲಿ ಯಾರೂ ಆಡದ ಮಾತುಗಳು ಪೂರ್ತಿ ಹುಟ್ಟಿಕೊಂಡಿದ್ದವು. ಮಾತಿನ ತೊಂದರೆ ಇರುವವರ, ನಡುವೆ ಜಾಸ್ತಿ ಹೊತ್ತು ನಿಲ್ಲಿಸುವವರ ಧ್ವನಿಯಲ್ಲಿ ಇದು ಹೆಚ್ಚು. ವಯಸ್ಸಾದವರೂ ಹಾಗೆಯೇ ನಿಲ್ಲಿಸಿ ನಿಲ್ಲಿಸಿ ಮಾತಾಡುತ್ತಾರೆ.

ಇಲ್ಲಿ ಎರಡು ಪ್ರಶ್ನೆಗಳಿವೆ, ನಾನು ಬಹಳ ದಿನ ಒಂದೇ ಎಂದುಕೊಂಡಿದ್ದೆ. ಹೇಳಿದ ಮಾಡೆಲ್ ಹೇಳಿದ ಹಾಗೆ ಓಡಿತೇ ಎಂಬುದು ಒಂದು. ಅದು ಬರೆದದ್ದು ನಿಜವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಾಕ್ಷಿ, ಗುಟ್ಟಿನ ತುಣುಕು, ಗಣಿತ, ಬೀಗ ಹಾಕಿದ ಚಿಪ್ಪು ಎಲ್ಲವೂ ಇವೆ. ಎರಡನೆಯದಕ್ಕೆ ಅವು ಯಾವುದೂ ಉತ್ತರ ಕೊಡುವುದಿಲ್ಲ. ಅತ್ಯಂತ ಪಕ್ಕಾ ಗಣಿತದ ಸಾಬೀತು ಕೂಡ ‘ವೀಕ್ಷಿಸಿದ್ದಕ್ಕೆ ಧನ್ಯವಾದಗಳು’ ಎಂಬ ಸಾಲನ್ನು ಈ ಮಾಡೆಲೇ ಬರೆಯಿತು ಎಂದು ಸಾಬೀತು ಮಾಡುತ್ತದೆ. ಆ ಮನುಷ್ಯ ಅಲ್ಲಿ ಏನೂ ಹೇಳದೆ ಕೂತಿದ್ದರು ಎಂದು ಕೇಳಿದವರೇ ಹೇಳಬೇಕು. ಈಗ ಮೌನದ ಜಾಗಗಳನ್ನು ಮೊದಲೇ ಬೇರ್ಪಡಿಸಿ ಮಾಡೆಲಿಗೆ ಕೊಡುತ್ತಿಲ್ಲ. ಬರಹದಲ್ಲಿ ಅಲ್ಲಿ ‘ಸುಮ್ಮನಾದರು’ ಎಂದು ನಾವೇ ಬರೆಯುತ್ತೇವೆ.

ಪುಣೆಯ ಹುಡುಗ ಈಗಲೂ ನಮ್ಮ ಜೊತೆ ಇದ್ದಾನೆ. ಅವನ ಮಷೀನುಗಳಿಗೆ ಮೀಡಿಯಂ ಹತ್ತುವುದಿಲ್ಲ, ಹಾಗಾಗಿ ಮೌನ ಬೇರ್ಪಡಿಸುವ ಹಗುರ ಕೆಲಸ ಅಲ್ಲಿ ನಡೆಯುತ್ತದೆ. ಅದಕ್ಕೂ ಇನ್ನೊಂದು ಮನೆಯ ಸಾಕ್ಷಿ ಇದೆ. ಹಾಗೆ ಇರಲಿ ಎಂದು ಕೇಳಿದವನು ಅವನೇ.

ಅಜ್ಜನ ಪುಟ ತಿದ್ದಿ ಮುಗಿದ ದಿನ ಅವರ ಮನೆಗೆ ಹೋಗಿ ಆ 30 ಸೆಕೆಂಡು ಕೇಳಿಸಿದೆ, ಬರಹವನ್ನೂ ತೋರಿಸಿದೆ. ಬೆರಳಿಟ್ಟು ಓದಿದರು. ‘ಹೊಡೀಲಿಲ್ಲ’ ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು.

ಆದರೆ 41 ಜನರಲ್ಲಿ ಏಳು ಮಂದಿ ಈಗ ಇಲ್ಲ. ಅವರ ಮುಂದೆ ಕೂತು ಓದಿ ‘ಹೀಗೇ ಅಂದ್ರಾ?’ ಎಂದು ಕೇಳಲು ಆಗುವುದಿಲ್ಲ. ಆ ಏಳು ರೆಕಾರ್ಡಿಂಗುಗಳಿಗೆ ಎಐ ಬರಹವನ್ನು ಕರಡಾಗಿ ಮಾತ್ರ ಇಟ್ಟುಕೊಂಡಿದ್ದೇವೆ. ಪ್ರತಿ ಭಾನುವಾರ ಬೆಳಗ್ಗೆ ಬೇರೆ ಬೇರೆ ಮನೆಯ ಇಬ್ಬರು ಡೊಂಬಿವಲಿಯಲ್ಲಿ ಸೇರಿ, ಮೊದಲಿನಿಂದ ಕೊನೆಯವರೆಗೆ ಕೇಳಿ ತಿದ್ದುತ್ತಾರೆ. ಒಬ್ಬರು ಊರಿನ ಮಾತು ಬಲ್ಲವರಾಗಿರಬೇಕು. ಎರಡು ಮುಗಿದಿವೆ. ಮೂರನೆಯದರಲ್ಲಿ ಕ್ಯಾಸೆಟ್ಟು ಒಂದು ಕಡೆ ಸವೆದಿದೆ, ಒಂದು ಹೆಸರು ನಮಗಿಬ್ಬರಿಗೂ ಎರಡು ರೀತಿ ಕೇಳುತ್ತಿದೆ. ಅಜ್ಜ ಆ ಮನುಷ್ಯನ ಜೊತೆ ಒಂದೇ ಖೋಲಿಯಲ್ಲಿ ಇದ್ದವರು. ಮುಂದಿನ ವಾರ ಅವರನ್ನೇ ಕರೆದುಕೊಂಡು ಬರಬೇಕು.